ಜಿಲ್ಲಾ ಪುಟದ ಬೇಲಿ

ಪತ್ರಿಕೆಯನ್ನು ಓದುವವನಿಗೆ ಅದನ್ನು ಸಿದ್ಧಪಡಿಸುವವರ ಕಷ್ಟ ತಿಳಿಯದೆಂಬ ಮಾತುಂಟು. ಒಪ್ಪಿದೆ. ಆದರೆ ನಲವತ್ತು ವರ್ಷಗಳಿಂದ ಬೆಳಗಿನ ಕಾಫಿಯೊಡನೆ ಅದನ್ನು ಕೈಗೆತ್ತಿಕೊಳ್ಳುತ್ತ ಬಂದವನಿಗೆ, ಅದರೊಡನೆ ಜಗಳವಾಡುವಷ್ಟು ಸಲುಗೆ ಇರಬಾರದೇ?

2023ನೆಯ ಇಸವಿ ಸೆಪ್ಟೆಂಬರ್ 18ರಂದು, ರಿಯಾದಿನಲ್ಲಿ ಸೇರಿದ್ದ ಯುನೆಸ್ಕೋ ಸಮಿತಿಯು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ವಾರ ನಾನು ಓದುವ ಪತ್ರಿಕೆಯಲ್ಲಿ ಈ ಮೂರು ಹೆಸರುಗಳದೇ ಸಂಭ್ರಮ. ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ನಮ್ಮ ಹೊಸಹೊಳಲಿನ ಲಕ್ಷ್ಮೀನಾರಾಯಣನ ಹೆಸರು ಎಲ್ಲಾದರೂ ಒಂದು ಸಾಲಿನಲ್ಲಿ ಬಂದೀತೇ ಎಂದು ಹುಡುಕಿದೆ, ಬರಲಿಲ್ಲ.

ಪಟ್ಟಿಯಲ್ಲಿ ಇಲ್ಲದ್ದಕ್ಕೆ ಪತ್ರಿಕೆಯನ್ನು ದೂರುವಷ್ಟು ಅವಿವೇಕಿ ನಾನಲ್ಲ. ಆದರೆ ಸೋಮನಾಥಪುರದ ಕೇಶವನನ್ನು ವರ್ಣಿಸುವವರು, ಸರಿಸುಮಾರು ಅದೇ ಕಾಲದ, ಅದೇ ಬಗೆಯ ಇನ್ನೊಂದು ತ್ರಿಕೂಟಾಲಯ ಕೃಷ್ಣರಾಜಪೇಟೆಯ ಮಗ್ಗುಲಲ್ಲಿ ಇದೆಯೆಂದು ಹೇಳಿದ್ದರೆ ಓದುಗನ ತಿಳಿವಳಿಕೆ ಹೆಚ್ಚುತ್ತಿರಲಿಲ್ಲವೇ? ಇಲ್ಲಿ ಕಟ್ಟಡದ ಕಾಲವನ್ನು ವಿದ್ವಾಂಸರು ಶೈಲಿಯಿಂದಲೇ ನಿರ್ಣಯಿಸಿದ್ದಾರೆ. ಸೋಮನಾಥಪುರ, ನುಗ್ಗೇಹಳ್ಳಿ, ಜಾವಗಲ್ಲುಗಳ ಜೊತೆಗಿಟ್ಟು ನೋಡಿ, ಸುಮಾರು 1250 ಎನ್ನುತ್ತಾರೆ. ಅಂದರೆ ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ. ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣಕಥೆಗಳು, ಮಕರ, ಹಂಸ: ಬಳಪದ ಕಲ್ಲಿನಲ್ಲಿ ಓದುತ್ತ ಪ್ರದಕ್ಷಿಣೆ ಬರಬಹುದು. ಮೂರು ಗರ್ಭಗುಡಿಗಳಿದ್ದರೂ ನಡುವಿನದಕ್ಕೆ ಮಾತ್ರ ಶಿಖರ. ಇದೇ ತಾಲ್ಲೂಕಿನಲ್ಲಿ ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರಗಳೂ ಉಂಟು.

ಕೆಲವು ವಾರಗಳ ಮೇಲೆ ನಮ್ಮ ಗುಡಿಯ ವಿಷಯ ಬಂದಿತು, ಚಿತ್ರಸಮೇತ. ಲೇಖನವೂ ಚೆನ್ನಾಗಿತ್ತು. ಧಾರವಾಡದಲ್ಲಿರುವ ಅಳಿಯಂದಿರಿಗೆ ಫೋನ್ ಮಾಡಿ ಓದಿರೆಂದೆ. ಅವರ ಕೈಯಲ್ಲಿದ್ದುದು ಅದೇ ಪತ್ರಿಕೆ, ಅದೇ ದಿನಾಂಕ. ಆ ಪುಟದಲ್ಲಿ ಮಾತ್ರ ಅವರ ಜಿಲ್ಲೆಯ ಸುದ್ದಿ!

ನನ್ನ ಆಕ್ಷೇಪಣೆ ಇಷ್ಟೇ. ಊರೂರಿನ ಸುದ್ದಿಗೆ ಸ್ಥಳ ದೊರೆಯಲೆಂದು ಜಿಲ್ಲಾವಾರು ಆವೃತ್ತಿಗಳು ಹುಟ್ಟಿದವು. ಸ್ಥಳವೇನೋ ದೊರೆಯಿತು, ಆದರೆ ಹೊಸಹೊಳಲನ್ನು ಹೊಸಹೊಳಲಿನವರಿಗೇ ಪರಿಚಯಿಸುವ ವಿಚಿತ್ರ ವ್ಯವಸ್ಥೆಯೂ ಅದರೊಡನೆ ಬಂದಿತು. 1956ರಲ್ಲಿ ಒಂದಾದ ನಾಡನ್ನು ಬೆಳಗಿನ ಪತ್ರಿಕೆ ಪುಟಪುಟವಾಗಿ ಹಂಚುತ್ತಿದೆ. ಬೇಲಿ ತೆರೆಯುವುದಿಲ್ಲವೆಂದಲ್ಲ: 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ನಮ್ಮ ತಾಲ್ಲೂಕು ಇಡೀ ನಾಡಿನ ಸುದ್ದಿಯಾಗಿತ್ತು. ಮತ ಎಣಿಸಿ ಮುಗಿಯಿತು, ಬೇಲಿ ಮುಚ್ಚಿತು.

ಮೊಬೈಲಿನಲ್ಲಿ ಎಲ್ಲ ಆವೃತ್ತಿಗಳೂ ಸಿಗುತ್ತವೆಂದು ಮೊಮ್ಮಗಳು ತಿದ್ದುತ್ತಾಳೆ. ಸಿಗುತ್ತವೆ, ಹುಡುಕುವವನಿಗೆ. ಹುಡುಕದವನ ಮುಂದೆಯೂ ತಂದಿಡುವುದರಲ್ಲಲ್ಲವೇ ಪತ್ರಿಕೆಯ ಉಪಕಾರ?

ವಾರಕ್ಕೊಂದು ದಿನವಾದರೂ, ಜಿಲ್ಲಾ ಪುಟಗಳಲ್ಲಿ ಬಂದ ಒಳ್ಳೆಯ ಬರಹಗಳನ್ನು ಆರಿಸಿ ಎಲ್ಲ ಆವೃತ್ತಿಗಳಲ್ಲೂ ಅಚ್ಚುಮಾಡಬಹುದಲ್ಲವೇ ಎಂದು ಸಂಪಾದಕ ಮಹಾಶಯರಿಗೆ ಪತ್ರ ಬರೆದೆ. ಅವರು ಸಜ್ಜನರು, ಒಂದಕ್ಷರವನ್ನೂ ಕತ್ತರಿಸದೆ ಪ್ರಕಟಿಸಿದರು, ಮಂಡ್ಯ ಜಿಲ್ಲಾ ಪುಟದಲ್ಲಿ.