ಮಾತು ಬಿಡುವುದು ಮೌನವಲ್ಲ

ನಮ್ಮೂರು ಸೋಗಾನೆಯಲ್ಲಿ ಕೇಂದ್ರ ಕಾರಾಗೃಹವಿದೆ. ಅದನ್ನು ಕಂಡಾಗಲೆಲ್ಲ ಎರಡನೇ ಜಾನ್ ಪಾಲ್ ಪೋಪರು ನೆನಪಾಗುತ್ತಾರೆ. 1981ರಲ್ಲಿ ತಮಗೆ ಗುಂಡಿಕ್ಕಿದವನನ್ನು 1983ರಲ್ಲಿ ಅವರು ಜೈಲಿಗೇ ಹೋಗಿ ಮಾತನಾಡಿಸಿದರು.

ನಾನಾದರೋ, ಚರ್ಚಿನ ಗಾಯನ ತಂಡದ ಗೆಳತಿಯೊಡನೆ ಮೂರು ತಿಂಗಳು ಮಾತು ಬಿಟ್ಟಿದ್ದೆ. ಪೂಜೆಯಲ್ಲಿ ಸಮಾಧಾನ ಹಂಚಿಕೊಳ್ಳುವಾಗ ಎಲ್ಲರಿಗೂ ಕೈಮುಗಿದರೂ ಅವಳತ್ತ ತಿರುಗುತ್ತಿರಲಿಲ್ಲ.

ಒಂದು ಭಾನುವಾರ ಬೇಗ ಹೋಗಿ ಹತ್ತು ನಿಮಿಷ ಸುಮ್ಮನೆ ಕುಳಿತೆ. ಮೊದಲು ಅವಳ ತಪ್ಪುಗಳೇ ನೆನಪಾದವು. ಆಮೇಲೆ, ಎಲ್ಲರೆದುರು ನಾನಾಡಿದ ಚುಚ್ಚುಮಾತು. ಕಾಣಿಕೆ ಅರ್ಪಿಸುವ ಮುನ್ನ ಮುನಿಸಿಕೊಂಡವರೊಡನೆ ರಾಜಿಯಾಗಬೇಕೆಂದು ಯೇಸು ಹೇಳಿದ್ದೇಕೆಂದು ಆಗ ತಿಳಿಯಿತು. ಎದ್ದು ಹೋಗಿ, ‘ತಪ್ಪಾಯ್ತು ಕಣೇ’ ಎಂದೆ. ಅವಳು ನಗಲಿಲ್ಲ. ಆದರೆ ಹಾಡಿನ ಪುಸ್ತಕವನ್ನು ನನ್ನ ಕಡೆಗೂ ಹಿಡಿದಳು.

ಗೆಳೆಯರೇ, ಮಾತು ಬಿಡುವುದು ಸುಲಭ. ನಮ್ಮ ತಪ್ಪು ನಮಗೇ ಕೇಳಿಸುವಷ್ಟು ಹೊತ್ತು ಸುಮ್ಮನಿರುವುದೇ ಕಷ್ಟ. ಕ್ಷಮೆ ಶುರುವಾಗುವುದು ಅಲ್ಲಿಂದಲೇ.