ವಿಂಡೋಸ್ 10 ಮುಗೀತು, ನಿಮ್ಮ ಲ್ಯಾಪ್‌ಟಾಪ್ ಮುಗಿದಿಲ್ಲ

ದೋಸ್ತರ, ಹ್ವಾದ ಪೋಸ್ಟಿನ ಕೆಳಗ ಬಾಳ ಮಂದಿ ಒಂದ ಪ್ರಶ್ನೆ ಕೇಳೀರಿ: "ಸಪೋರ್ಟ್ ಮುಗೀತು ಅಂತ ಸ್ಕ್ರೀನ್ ಮ್ಯಾಲೆ ಬರಾಕತ್ತೈತಿ, ಹೊಸಾದು ತಗೋಬೇಕಾ?"

ಬ್ಯಾಡ. ಈಗಂತೂ ಬ್ಯಾಡ.

ಆಗಿದ್ದಿಷ್ಟು. 2025ರ ಅಕ್ಟೋಬರ್ 14ಕ್ಕ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಪೋರ್ಟ್ ನಿಲ್ಲಿಸ್ತು. ವಿಂಡೋಸ್ 11 ಹಾಕಬೇಕಂದ್ರ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದ್ರ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮ ರೋಣ, ನರಗುಂದ, ಗಜೇಂದ್ರಗಡದ ಹುಡುಗರ ಕೈಯಾಗ ಇರೋದು ಯಾವು? ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್, ಯಾವುದೋ ಆಫೀಸು ಬಳಸಿ ಬಿಟ್ಟಿದ್ದು. 4ನೇ ತಲೆಮಾರು, 6ನೇ ತಲೆಮಾರು. ಸ್ಕ್ರೀನ್ ಚಲೋ ಐತಿ, ಕೀಬೋರ್ಡ್ ಚಲೋ ಐತಿ, ಪ್ರಾಜೆಕ್ಟ್ ರಿಪೋರ್ಟ್ ಅದರಾಗ ಟೈಪ್ ಆಗ್ತೈತಿ.

ಭದ್ರತೆ ಬೇಕು ಅನ್ನೋ ಮಾತು ಸುಳ್ಳಲ್ಲ. ಆದ್ರ ನಡೆಯೋ ಮಷಿನ್‌ನ ಒಂದು ತಾರೀಖು ಹಾಕಿ ಹಳೇದು ಅಂತ ತೀರ್ಮಾನ ಮಾಡಿದ್ರ ಹೊರೆ ಯಾರ ಮ್ಯಾಲೆ ಬೀಳ್ತೈತಿ? ಉಳ್ಳಾಗಡ್ಡಿ, ಹೆಸರು ಮಾರಿ ಬಂದ ರೊಕ್ಕದಾಗ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಿದ ಅಪ್ಪನ ಮ್ಯಾಲೆ. ಗಜೇಂದ್ರಗಡದಾಗ ಮಗ್ಗದ ಲಾಳಿ ಮುರಿದ್ರ ಲಾಳಿ ಬದಲಿಸ್ತಾರ, ಮಗ್ಗಾನ ಹೊರಗ ಒಗೆಯೂದಿಲ್ಲ.

ಅದರಾಗ ಹೊಸಾದು ಕೊಳ್ಳಾಕ ಇದು ಕೆಟ್ಟ ಹೊತ್ತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ನುಂಗಾಕತ್ತಾವು, ರ್‍ಯಾಮ್ ರೇಟು ಏರೇತಿ. 2025ರ ಡಿಸೆಂಬರ್ 3ಕ್ಕ ಮೈಕ್ರಾನ್ ಕಂಪನಿ, ನಮ್ಮಂಥವರಿಗೆ ಮಾರ್ತಿದ್ದ ತನ್ನ ಕ್ರೂಶಿಯಲ್ ವ್ಯಾಪಾರಾನ ಮುಚ್ಚತೀನಿ ಅಂತು. ಚಿಪ್ಪೆಲ್ಲಾ ದೊಡ್ಡ ಗಿರಾಕಿಗೆ ಬೇಕಂತ. ಎಐಗೆ ಅಸೈನ್‌ಮೆಂಟ್ ಕೇಳೋರೂ ನಾವ, ರ್‍ಯಾಮ್‌ಗೆ ಹೆಚ್ಚು ರೊಕ್ಕ ಕೊಡೋರೂ ನಾವ. (ನಾನೂ ಕೇಳ್ತೀನಿ, ಸುಳ್ಳ್ಯಾಕ ಹೇಳ್ಲಿ.)

ಹಂಗಂತ ಸುಮ್ಮನ ಕೂಡಬ್ಯಾಡ್ರಿ. ಅಪ್‌ಡೇಟ್ ಇಲ್ಲದ ಲ್ಯಾಪ್‌ಟಾಪಿನಾಗ ಬ್ಯಾಂಕಿನ ಪಾಸ್‌ವರ್ಡ್ ಹಾಕೋದು ಬಾಗಲಾ ತೆರೆದಿಟ್ಟು ಜಾತ್ರಿಗೆ ಹೋದಂಗ. ಮೊದಲು ಸೆಟ್ಟಿಂಗ್ಸ್‌ನ ಅಬೌಟ್‌ನಾಗ ಪ್ರೊಸೆಸರ್ ನೋಡ್ರಿ: ಐ5 ಮುಂದ 8250 ಇದ್ರ 8ನೇ ತಲೆಮಾರು, 4300 ಇದ್ರ 4ನೇದು. ಹಳೇದಾದ್ರ ವಿಂಡೋಸ್ ಅಪ್‌ಡೇಟ್ ಪುಟದಾಗ 'ಎನ್‌ರೋಲ್' ಕೊಂಡಿ ಹುಡುಕ್ರಿ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ರೊಕ್ಕ ಇಲ್ಲದ ಸಿಗ್ತಾವು. ವರ್ಶನ್ 22ಎಚ್2 ಇರಬೇಕು, ಅಷ್ಟ.

ಆಮ್ಯಾಲೆ? ಲಿನಕ್ಸ್ ಮಿಂಟ್. ಪುಕ್ಕಟೆ, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಜೋಡೀನ ಬರ್ತಾವು. ಆದ್ರ ಬಿ.ಕಾಂ. ಮಂದಿ ತಡೀರಿ: ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು, ಮಿಂಟ್‌ನ್ಯಾಗ ನೆಟ್ಟಗ ನಡೆಯೂದಿಲ್ಲ. ನಿಮಗ ಈ ಒಂದು ವರ್ಷ ರೊಕ್ಕ ಕೂಡಿಡಾಕ ಸಿಕ್ಕಂಗ ಅನ್ಕೊಳ್ರಿ.

ಇನ್ನೊಂದು. ನಮ್ಮ ಕಾಕಾನ ಮಗ ಒಂದು ಅಂಗಡ್ಯಾಗ "ಹನ್ನೊಂದು ಹಾಕಿಕೊಟ್ಟೇವಿ" ಅಂದದ್ದ ನಂಬಿ 6ನೇ ತಲೆಮಾರಿನದು ತಂದ. ತಪಾಸಣೆ ತಪ್ಪಿಸಿ ಹಾಕಿದ್ರು. ಅಂಥಾದ್ದಕ್ಕ ಅಪ್‌ಡೇಟ್ ಬರ್ತೈತಿ ಅಂತ ಮೈಕ್ರೋಸಾಫ್ಟ್ ಖಾತ್ರಿ ಕೊಡೂದಿಲ್ಲ. ಕೊಳ್ಳೂಮುಂದ ಪ್ರೊಸೆಸರ್ ನಂಬರ್ ಕೇಳ್ರಿ, ನಾಚಬ್ಯಾಡ್ರಿ.

ನಿಮ್ಮ ನಂಬರ್ ಕಾಮೆಂಟಿನ್ಯಾಗ ಹಾಕ್ರಿ, ನೋಡಿ ಹೇಳ್ತೀನಿ. ಮುಂದಿನ ಪೋಸ್ಟ್: ಮಿಂಟ್ ಪೆನ್‌ಡ್ರೈವ್ ಮಾಡೋದು ಹೆಂಗ.

#ನಮ್ಮೂರ_ಟೆಕ್ #ರೋಣ #ನರಗುಂದ #ಗಜೇಂದ್ರಗಡ