ಸಾದಾ ಹೆಣಿಗೆಯ ಪರವಾಗಿ

ಕಳೆದ ತಿಂಗಳು ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದಿದ್ದ ನನ್ನ ನಾದಿನಿ, ಕುರ್ಚಿಯ ಮೇಲಿದ್ದ ಸ್ಕಾರ್ಫನ್ನು ಎತ್ತಿ ಹಿಂದೆ ಮುಂದೆ ತಿರುವಿ ನೋಡಿ, "ಅಲ್ಲ ಅತ್ತಿಗೇ, ಸೊಸೆ ಅಷ್ಟು ದೂರದಿಂದ ತಂದುಕೊಟ್ಟ ಉಲ್ಲನ್ನು! ಇಷ್ಟು ಸಾದಾ ಹಾಕಿಬಿಟ್ಟಿರಲ್ಲ. ಒಂದು ಪೈನಾಪಲ್ ಡಿಸೈನ್ ಆದರೂ ಹಾಕಬಾರದಿತ್ತೇ?" ಎಂದಳು. ಅಲ್ಲಿದ್ದ ನಾಲ್ಕೈದು ಮಂದಿ ಹೌದೆಂದು ತಲೆಯಾಡಿಸಿದರು. ಪ್ರಸಾದ ಹಂಚುವ ಗಡಿಬಿಡಿಯಲ್ಲಿ ನಾನು ನಕ್ಕು ಸುಮ್ಮನಾದೆ. ಸುಮ್ಮನಾದದ್ದು ತಪ್ಪೆಂದು ಆಮೇಲೆ ಅನ್ನಿಸಿತು. ಅಂದು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. (ಅವಳೂ ಇದನ್ನು ಓದುತ್ತಾಳೆ. ಓದಲಿ!)

ಆ ನೂಲು ಎಂಥದೆಂಬುದನ್ನು ಮೊದಲು ಹೇಳಬೇಕು. ಮೆರಿನೋ ಕುರಿಯ ಉಣ್ಣೆಯೊಂದಿಗೆ ರೇಷ್ಮೆ ಬೆರೆಸಿ ನೂತದ್ದು. 100 ಗ್ರಾಂ ತೂಕದ ಒಂದು ಲಡಿಯಲ್ಲಿ 400 ಮೀಟರಿಗೂ ಮಿಕ್ಕ ಉದ್ದ. ಬಂದದ್ದು ದಕ್ಷಿಣ ಅಮೆರಿಕದ ಉರುಗ್ವೆ ದೇಶದಿಂದ. ಹಳ್ಳಿಗಾಡಿನ ಹೆಂಗಸರಿಗೆ ದುಡಿಮೆ ಒದಗಿಸಲೆಂದು 1968ರಲ್ಲಿ ಅಲ್ಲಿ 'ಮಾನೋಸ್ ದೆಲ್ ಉರುಗ್ವಾಯ್' ಎಂಬ ಸಂಸ್ಥೆ ಹುಟ್ಟಿತು. ಸ್ಪ್ಯಾನಿಷ್ ಭಾಷೆಯ ಈ ಹೆಸರಿಗೆ 'ಉರುಗ್ವೆಯ ಕೈಗಳು' ಎಂದರ್ಥ. ಅದರ ಸಹಕಾರ ಸಂಘಗಳ ಹೆಂಗಸರು ಪಾತ್ರೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಲಡಿಗಳಿಗೆ ಬಣ್ಣ ಹಾಕುತ್ತಾರೆ. ಉಣ್ಣೆಗೆ ಬಣ್ಣ ಹಿಡಿಯಬೇಕಾದರೆ ಹುಳಿಯೂ ಬೇಕು, ಕಾವೂ ಬೇಕು. ಆದರೆ ಕುದಿಯುವ ನೀರನ್ನು ಕದಡಿದರೆ ಉಣ್ಣೆ ಗಂಟುಗಟ್ಟಿ ಕಂಬಳಿಯಂತಾಗುತ್ತದೆ. ಹದವರಿತು ಕಾಯಿಸಿದಾಗ ಬಣ್ಣವೆಲ್ಲ ನೂಲಿಗೆ ಏರಿ, ಪಾತ್ರೆಯಲ್ಲಿ ತಿಳಿನೀರು ಮಾತ್ರ ಉಳಿಯುತ್ತದೆ. ಒಂದು ಲಡಿಯಂತೆ ಇನ್ನೊಂದಿರುವುದಿಲ್ಲ. ನನ್ನ ಕೈಗೆ ಬಂದ ಲಡಿಯಲ್ಲಿ ನೇರಳೆ ಹಣ್ಣಿನ ಬಣ್ಣ ಮೆಲ್ಲಗೆ ಇಟ್ಟಿಗೆಯ ಕೆಂಪಿಗೆ ತಿರುಗಿ, ನಡುವೆ ಎಲ್ಲೋ ಒಂದೆಡೆ ಒಣಗಿದ ವೀಳ್ಯದೆಲೆಯ ಹಸಿರು ಇಣುಕುತ್ತಿತ್ತು. ಅದರ ಚೀಟಿಯ ಮೇಲೆ ಅದನ್ನು ಮಾಡಿದವಳ ಸಹಿಯಿತ್ತು.

ಈಗ ಪೈನಾಪಲ್ ವಿಚಾರ. ಆ ವಿನ್ಯಾಸದ ಸೊಗಸೆಲ್ಲ ಇರುವುದು ಗೆರೆಯಲ್ಲಿ. ಯಾವುದು ತೂತು, ಯಾವುದು ತುಂಬು ಎಂಬುದು ಕಣ್ಣಿಗೆ ಸ್ಪಷ್ಟವಾಗಿ ಕಂಡರೆ ಮಾತ್ರ ಅದು ಹೂವು. ಆದ್ದರಿಂದಲೇ ನಮ್ಮ ಹಿರಿಯರು ಅದನ್ನು ಬಿಳಿಯ ಹತ್ತಿ ದಾರದಲ್ಲಿ ಹಾಕುತ್ತಿದ್ದರು. ಗೇಣಿಗೊಮ್ಮೆ ಬಣ್ಣ ಬದಲಾಗುವ ನೂಲಿನಲ್ಲಿ ಅದನ್ನೇ ಹಾಕಿ ನೋಡಿ: ಒಂದು ಎಸಳು ಅರ್ಧ ನೇರಳೆ, ಅರ್ಧ ಹಸಿರು! ವಿನ್ಯಾಸ ಬಣ್ಣವನ್ನು ಕೆಡಿಸುತ್ತದೆ, ಬಣ್ಣ ವಿನ್ಯಾಸವನ್ನು ಮುಚ್ಚುತ್ತದೆ. ಇಬ್ಬರು ಒಟ್ಟಿಗೆ ಮಾತನಾಡಿದರೆ ಯಾರ ಮಾತೂ ಕೇಳದೆಂದು ತರಗತಿಯಲ್ಲಿ ನಾನು ಎಷ್ಟು ಸಲ ಗದರಿಲ್ಲ!

ಹಾಗೆಂದು ಸಾದಾ ಹೆಣಿಗೆಗೆ ಬುದ್ಧಿ ಬೇಡವೆಂದು ತಿಳಿಯಬಾರದು. ಒಂದು ಸಿಂಗಲ್ ಕ್ರೋಶಾ, ಒಂದು ಚೈನು. ಮುಂದಿನ ಸಾಲಿನಲ್ಲಿ ಆ ಚೈನಿನ ಕೆಳಗಿನ ಸಂದಿಗೇ ಕಡ್ಡಿ ತೂರಿಸಿ ಮತ್ತೊಂದು ಸಿಂಗಲ್ ಕ್ರೋಶಾ. ನಾನು ಹಾಕಿದ್ದು ಇಷ್ಟೇ. (ಅಮೆರಿಕದವರು ಸಿಂಗಲ್ ಎನ್ನುವುದು ಬ್ರಿಟಿಷ್ ಪುಸ್ತಕಗಳಲ್ಲಿ ಡಬಲ್, ನಾನು ನಿಮಗೆ ಕಲಿಸಿದ್ದು ಬ್ರಿಟಿಷ್ ಹೆಸರು, ಗೊಂದಲಪಡಬೇಡಿ.) ಪ್ರತಿ ಹೊಲಿಗೆಯೂ ಕೆಳಗಿನ ಸಾಲಿನ ಸಂದಿಯೊಳಕ್ಕೆ ಇಳಿದು ಕೂರುವುದರಿಂದ ಬಣ್ಣಗಳು ಪಟ್ಟೆಪಟ್ಟೆಯಾಗಿ ನಿಲ್ಲದೆ ಚುಕ್ಕೆಗಳಾಗಿ ಬೆರೆಯುತ್ತವೆ. ಸಾಲಿನ ಉದ್ದಕ್ಕೂ ಬಣ್ಣ ಮರುಕಳಿಸುವ ಅಂತರಕ್ಕೂ ತಾಳೆ ಬಿದ್ದರೆ ಒಂದೇ ಬಣ್ಣ ಒಂದೇ ಕಡೆ ಮಡುಗಟ್ಟಿ, ಬಟ್ಟೆಯ ಮೇಲೆ ಕಲೆಯಾದಂತೆ ಕಾಣುತ್ತದೆ. 60 ಚೈನಿನಿಂದ ಆರಂಭಿಸಿದಾಗ ನನಗೆ ಆದದ್ದು ಹಾಗೆಯೇ. ಹನ್ನೆರಡು ಸಾಲು ಬಿಚ್ಚಿ 50ಕ್ಕೆ ಇಳಿಸಿದೆ. ಎರಡು ಲಡಿಗಳ ಬಣ್ಣದಲ್ಲಿ ತುಸು ವ್ಯತ್ಯಾಸವಿದ್ದುದರಿಂದ ಎರಡೆರಡು ಸಾಲಿಗೊಮ್ಮೆ ಉಂಡೆ ಬದಲಿಸಿದೆ. ಕಡ್ಡಿಯನ್ನೂ ನೂಲಿಗೆ ಹೇಳಿದ್ದಕ್ಕಿಂತ ದಪ್ಪದ್ದನ್ನೇ ಹಿಡಿದೆ. ಬಿಗಿಯಾಗಿ ಹೆಣೆದ ಕ್ರೋಶಾ ರಟ್ಟಿನಂತೆ ನಿಲ್ಲುತ್ತದೆ, ಕೊರಳಿಗೆ ಬಾಗುವುದಿಲ್ಲ. ಇಷ್ಟೆಲ್ಲ ಆದಮೇಲೂ ನೋಡುವವರಿಗೆ ಅದು "ಏನೂ ಇಲ್ಲದ" ಹೆಣಿಗೆ!

ಇದೇ ನಾದಿನಿ ಮಗಳ ಮದುವೆಯಲ್ಲಿ ಮೈಸೂರು ರೇಷ್ಮೆಯ ಸಾದಾ ಸೀರೆ ಉಟ್ಟಿದ್ದಳು. ಒಡಲಲ್ಲಿ ಒಂದು ಬುಟ್ಟವೂ ಇರಲಿಲ್ಲ. ಅಂಚು ಸೆರಗಿನಲ್ಲಿ ಜರಿಯಷ್ಟೇ. ಅಷ್ಟು ಬೆಲೆಯ ರೇಷ್ಮೆಗೆ ಹೂವೇಕಿಲ್ಲವೆಂದು ಯಾರೂ ಕೇಳಲಿಲ್ಲ. ಅಂಗಡಿಯಿಂದ ಬಂದ ಸರಳತೆ ಘನತೆಯಾಗುತ್ತದೆ, ಹೆಣ್ಣೊಬ್ಬಳು ಮನೆಯಲ್ಲಿ ಕೈಯಾರೆ ಮಾಡಿದ ಸರಳತೆ ಮಾತ್ರ ಸೋಮಾರಿತನವಾಗುತ್ತದೆ. ನನ್ನ ಸಿಟ್ಟು ಇಲ್ಲಿದೆ.

ಕಲಿಯುವವರು ಅಗ್ಗದ ಅಕ್ರಿಲಿಕ್ಕಿನಲ್ಲೇ ಕೈ ಪಳಗಿಸಿಕೊಳ್ಳಲಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಇನ್ನೊಂದು ಜಾತಿಯವರಿದ್ದಾರೆ: ಒಳ್ಳೆಯ ನೂಲನ್ನು 'ಅದಕ್ಕೆ ತಕ್ಕ ಡಿಸೈನ್' ಸಿಗುವವರೆಗೆ ಟ್ರಂಕಿನಲ್ಲಿಡುವವರು. ಡಿಸೈನ್ ಸಿಗುವ ಮೊದಲೇ ಹುಳುಗಳಿಗೆ ಟ್ರಂಕು ಸಿಗುತ್ತದೆ. ನನ್ನ ಸ್ಕಾರ್ಫು ದಿನವೂ ಬೆಳಗಿನ ನಡಿಗೆಗೆ ನನ್ನ ಜೊತೆ ಬರುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಿಬಿಡಬೇಕು. ಹಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಕರಕುಶಲ ಪರೀಕ್ಷೆಗೆ ಹುಡುಗಿಯೊಬ್ಬಳು ಬೂದು ಬಣ್ಣದ ಸಾದಾ ಮಫ್ಲರ್ ತಂದಿಟ್ಟಳು. ಉಳಿದವರದು ತೋರಣ, ಬುಟ್ಟಿ, ಗುಲಾಬಿ. ಅವಳದನ್ನು ಎರಡು ಬೆರಳಲ್ಲಿ ಎತ್ತಿ, "ಇಷ್ಟೇನಾ?" ಎಂದು ಕೇಳಿದೆ. "ತಾತನಿಗೆ ಚುಚ್ಚಬಾರದು ಅಂತ ಹೀಗೆ ಮಾಡಿದೆ ಮಿಸ್" ಎಂದಳು. 20ಕ್ಕೆ 9 ಹಾಕಿದೆ. ಸಾಲುಗಳು ರೂಲುಕಡ್ಡಿ ಹಿಡಿದಂತೆ ನೇರವಾಗಿದ್ದವು, ಅಂಚು ಎಲ್ಲಿಯೂ ಒಳಸರಿದಿರಲಿಲ್ಲ. ಅದನ್ನು ಕಂಡೂ ಕಾಣದಂತಿದ್ದೆ. ಪೂಜೆಯ ದಿನ ನಾದಿನಿಯ ಬಾಯಲ್ಲಿ ಕೇಳಿದ್ದು ನನ್ನದೇ ಮಾತು.

ಅಮ್ಮಾ, ನೀನು ಇದನ್ನು ಓದುತ್ತಿದ್ದರೆ ತಿಳಿದುಕೋ: ನಿನಗೆ 18 ಕೊಡಬೇಕಿತ್ತು. ಉಳಿದ ಎರಡನ್ನು ಈಗಲೂ ಕೊಡಲಾರೆ. ನೂಲಿನ ತುದಿಗಳನ್ನು ನೀನು ಸರಿಯಾಗಿ ಒಳಗೆ ಸೇರಿಸಿರಲಿಲ್ಲ.